ಮಲೆನಾಡಿನ ಕ್ರೈಸ್ತ ಶಿಕ್ಷಣ: ಲೆಕ್ಕ ಎಲ್ಲಿಂದ ಶುರು?

ಜುಲೈ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಪತ್ರಿಕಾ ದಿನಾಚರಣೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು, ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು ಎಂಬ ಮಾತು ಭಾಷಣಗಳಲ್ಲಿ ಬಂದೇ ಬರುತ್ತದೆ. ಅವರು ಬಾಸೆಲ್ ಮಿಶನ್ನಿನ ಪಾದ್ರಿ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ 1836ರಲ್ಲಿ ಕನ್ನಡ ಶಾಲೆ ತೆರೆಯಿತು, 1841ರಲ್ಲಿ ಅಚ್ಚುಕೂಟ ಹಾಕಿತು. ಪತ್ರಿಕೆ ಬಂದದ್ದು ಇವೆರಡರ ಬೆನ್ನಿಗೆ. ನಾವೆಲ್ಲ ಆಚರಿಸುವ ಆ ದಿನ ಕ್ರೈಸ್ತ ಶಿಕ್ಷಣದ ಚರಿತ್ರೆಗೂ ಸೇರಿದ್ದು.

ಚರ್ಚು, ಶಾಲೆಗಳು ತಮ್ಮ ಬೆಳ್ಳಿಹಬ್ಬ, ಚಿನ್ನದ ಹಬ್ಬಗಳನ್ನು ಅಡಿಗಲ್ಲಿನಿಂದ ಎಣಿಸುವುದು ರೂಢಿ. ಹಾಗೆ ಎಣಿಸಿದರೆ ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರದು, ಅದರಿಂದ ಬೇರೆಯಾದ ಶಿವಮೊಗ್ಗ ಧರ್ಮಪ್ರಾಂತ್ಯ 1988ರದು. ಆಡಳಿತದ ಲೆಕ್ಕಕ್ಕೆ ಇಷ್ಟು ಸಾಕು, ಊರಿನ ಚರಿತ್ರೆಗೆ ಸಾಲದು. ಕೆಳದಿ ಚೆನ್ನಮ್ಮನ ಕಾಲದಲ್ಲೇ, 1678ರಲ್ಲಿ, ಬಿದನೂರಿನ ಅರಸೊತ್ತಿಗೆ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡು ಕರಾವಳಿಯ ಬಂದರುಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಕೊಟ್ಟಿತ್ತು. ಇಂದಿನ ಹೊಸನಗರ ತಾಲ್ಲೂಕಿನ ನಗರವೇ ಆ ಬಿದನೂರು. ಮುಂದೆ ಕಾಫಿ ತೋಟಗಳು ಎದ್ದಾಗ ಘಟ್ಟದ ಕೆಳಗಿನ ಕೊಂಕಣಿ ಕ್ರೈಸ್ತರು ಮೇಲೆ ಬಂದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು, ದುಡಿಯಲು ಬಂದ ತಮಿಳರು ಅಲ್ಲೇ ನೆಲೆನಿಂತರು.

ನನಗೆ ಇದೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬಿ.ಎಲ್. ರೈಸ್ ಅವರ ಕೆಲಸ. ಬೆಂಗಳೂರಿನಲ್ಲಿದ್ದ ಲಂಡನ್ ಮಿಶನ್ನಿನ ಪಾದ್ರಿ ಬೆಂಜಮಿನ್ ರೈಸ್ ಅವರ ಮಗ, ಹುಟ್ಟಿದ್ದು 1837ರಲ್ಲಿ ಬೆಂಗಳೂರಿನಲ್ಲೇ. ತಂದೆಯ ದಾರಿ ಹಿಡಿದು ಪಾದ್ರಿಯಾಗದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆ ಸೇರಿದರು. 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಅವರಿಂದ ಬಂತು. ಅಗ್ರಹಾರ, ಮಠ, ಕೂಲಿಮಠಗಳಿಗೆ ಹೊರತಾಗಿ ಹಳ್ಳಿಯ ಸಾಮಾನ್ಯ ರೈತನ ಮಗನಿಗೂ ಸರ್ಕಾರಿ ಶಾಲೆ ಎಟಕುವಂತಾದದ್ದು ಈ ದಾರಿಯಲ್ಲಿ. ಮಳೆಗಾಲದಲ್ಲಿ ಹಳ್ಳ ದಾಟಲಾಗದ ಮಲೆನಾಡಿನ ಒಂಟಿ ಮನೆಗಳ ಮಕ್ಕಳಿಗೆ ಶಾಲೆ ಹತ್ತಿರ ಬರುವುದೆಂದರೆ ಏನೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ರೈಸ್ ನಮ್ಮ ಶಾಸನಗಳನ್ನು ಓದಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಿವಮೊಗ್ಗ ಜಿಲ್ಲೆಯ ಎರಡು ಸಂಪುಟಗಳು 1902 ಮತ್ತು 1904ರಲ್ಲಿ ಬಂದವು. ಅವುಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ 1162ರ ಶಾಸನವೂ ಇದೆ. ಅಲ್ಲಿನ ಕೋಡಿಯ ಮಠವನ್ನು ಅದು ಬಣ್ಣಿಸುವ ಬಗೆ ನೋಡಿ: ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ಪಾಠ, ದರ್ಶನಗಳ ವ್ಯಾಖ್ಯಾನ, ಪುರಾಣ, ಕಾವ್ಯ, ನಾಟಕ. ದೀನರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಬೇರೆ ಬೇರೆ ಮತಗಳ ಭಿಕ್ಷುಗಳಿಗೆ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಮದ್ದು. ಪಾಠ, ಊಟ, ಔಷಧ ಮೂರೂ ಒಂದೇ ಅಂಗಳದಲ್ಲಿ. ಶಾಲೆಯ ಪಕ್ಕದಲ್ಲೇ ಆಸ್ಪತ್ರೆ, ಹಾಸ್ಟೆಲ್ ಕಟ್ಟಿದ ಮಿಶನ್ನುಗಳು ಈ ನೆಲಕ್ಕೆ ತೀರ ಹೊಸದೇನನ್ನೋ ತಂದವು ಎನ್ನುವವರು ಈ ಶಾಸನವನ್ನೊಮ್ಮೆ ಓದಬೇಕು. ಮಿಶನ್ನುಗಳು ಬರೀ ಹಾಳು ಮಾಡಿದವು ಎನ್ನುವವರು ಅದನ್ನು ಓದಿ ಅಚ್ಚು ಹಾಕಿಸಿದವರು ಯಾರೆಂದು ನೋಡಬೇಕು.

ತಾಳಗುಂದದ ಸ್ತಂಭ ಶಾಸನವನ್ನು ಬೆಳಕಿಗೆ ತಂದವರೂ ರೈಸ್ ಅವರೇ. ವಿದ್ಯೆ ಕಲಿಯಲು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನ ಕಥೆ ನಮಗೆ ಸಿಕ್ಕಿದ್ದು ಆ ಕಂಬದಿಂದ.

ರೈಸ್ ತೀರಿಕೊಂಡದ್ದು 1927ರ ಜುಲೈ 10ರಂದು, ಇಂಗ್ಲೆಂಡಿನಲ್ಲಿ. 2027ಕ್ಕೆ ನೂರು ವರ್ಷ ತುಂಬುತ್ತದೆ. ಬಾಸೆಲ್ ಮಿಶನ್ ಕನ್ನಡ ನೆಲಕ್ಕೆ ಕಾಲಿಟ್ಟು 2034ಕ್ಕೆ ಇನ್ನೂರು. ಜಿಲ್ಲೆಯ ಮಿಶನ್ ಶಾಲೆಗಳೂ ಸರ್ಕಾರಿ ಶಾಲೆಗಳೂ ಒಟ್ಟಾಗಿ ಮಕ್ಕಳನ್ನು ಒಂದು ದಿನ ಬಳ್ಳಿಗಾವಿಗೆ, ತಾಳಗುಂದಕ್ಕೆ ಕರೆದೊಯ್ದು ಆ ಶಾಸನಗಳನ್ನು ಗಟ್ಟಿಯಾಗಿ ಓದಿಸಲಿ ಎಂಬುದು ನನ್ನ ಕೋರಿಕೆ. ಎರಡೂ ಒಂದೇ ತಾಲ್ಲೂಕಿನಲ್ಲಿವೆ, ಒಂದು ಬಸ್ಸು ಸಾಕು.