ತಿಕ್ಕಿದರೆ ಹೋಗುವುದು ಬರೀ ಕೊಳೆಯಲ್ಲ

ಶುಕ್ರವಾರ ಮುಂಬೈನ ಮಟನ್ ಸ್ಟ್ರೀಟಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅವತ್ತು ಚೋರ್ ಬಜಾರಿನಲ್ಲಿ ಬೀದಿಯೇ ಅಂಗಡಿ. ನಸುಕಿನಲ್ಲೇ ಜುಮ್ಮಾ ಸಂತೆ ಶುರುವಾಗುತ್ತದೆ. ಗೋಣಿ ತಾಟಿನ ಮೇಲೆ ಹಡಗಿನ ಲಾಟೀನು, ಮುರಿದ ದಿಕ್ಸೂಚಿ, ಗಡಿಯಾರದ ಹೊಟ್ಟೆಯೊಳಗಿನ ಸಾಮಾನು. ಅವುಗಳ ನಡುವೆ ಅಪರೂಪಕ್ಕೊಮ್ಮೆ ಅಂಗೈಯಗಲದ ಒಂದು ಗಾಲಿ ಕಾಣುತ್ತದೆ. ಪಕ್ಕದಲ್ಲಿ ಪುಟ್ಟ ಹಿಡಿ, ಕೆಳಗೆ ಚಪ್ಪಟೆ ಕಾಲು. ಮಾರುವವನಿಗೆ ಅದು ಹಿತ್ತಾಳೆಯ ತೂಕ. ಗಾಳ ಹಾಕುವವರಿಗೆ ಅದು ರೀಲ್, ಕೋಲಿಗೆ ಸಿಕ್ಕಿಸಿ ಗಾಳದ ದಾರ ಸುತ್ತುವ ರಾಟೆ.

ನನ್ನ ಮೊದಲ ರೀಲ್ ಸಿಕ್ಕಿದ್ದು ಅಲ್ಲೇ. ಮನೆಗೆ ತಂದಾಗ ಕಾಫಿ ಕಷಾಯದ ಬಣ್ಣಕ್ಕಿತ್ತು. ಮುಖದ ಮೇಲೆ ಸಣ್ಣ ಅಕ್ಷರಗಳಿದ್ದವು. ಟೇಬಲ್ ಮೇಲಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಫಳಫಳ ಹೊಳೆಯುತ್ತಿತ್ತು. ಅಮ್ಮ ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದರು. ಎಷ್ಟು ಪ್ರೀತಿಯಿಂದ ಮಾಡಿದ್ದರೋ! ಆದರೆ ಅಕ್ಷರಗಳಲ್ಲಿ ಅರ್ಧ ಮಾಸಿಹೋಗಿತ್ತು. ‘ಆರ್ಮಿ’ ಅನ್ನುವುದನ್ನು ಓದಲು ಬರುತ್ತಿತ್ತು, ಮುಂದಿನದು ಬರೀ ಗೀರು.

ದಾದರಿನಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರು ಗಡಿಯಾರ ರಿಪೇರಿ ಮಾಡುತ್ತಾರೆ. ಅವರಿಗೆ ತೋರಿಸಿದೆ. ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

‘ಯಾರು ಮಾರಾಯ ಇದನ್ನ ಹೀಗೆ ತಿಕ್ಕಿದ್ದು?’

‘ಅಮ್ಮ, ಮಾಮ. ಕಿಲುಬು ಅಂದುಕೊಂಡ್ರು.’

‘ಇದು ಕಿಲುಬಲ್ಲ. ಕಾರ್ಖಾನೆಯಲ್ಲೇ ಹಾಕಿದ ಬಣ್ಣ. ಇನ್ನು ಬರೋದಿಲ್ಲ.’

ಕಿಲುಬು ಬೇರೆ, ಬಣ್ಣ ಬೇರೆ. ಹಳೆ ರೀಲಿನ ವಿಷಯದಲ್ಲಿ ನಾನು ಆಮೇಲೆ ಕಲಿತದ್ದೆಲ್ಲ ಇದರ ಸುತ್ತಲೇ ಇದೆ. ಹಸಿರು ಕಿಲುಬು ಲೋಹವನ್ನು ತಿನ್ನುತ್ತದೆ, ಅದನ್ನು ತೆಗೆಯಲೇಬೇಕು. ಆದರೆ ಹಳೆಯ ಇಂಗ್ಲಿಷ್ ರೀಲ್‌ಗಳ ಹಿತ್ತಾಳೆಗೆ ಕಂದು ಬಣ್ಣ ಬೇಕೆಂದೇ ಬರಿಸುತ್ತಿದ್ದರು. ಹಿತ್ತಾಳೆ ಬಿಸಿಲಿಗೆ ಮಿಂಚಿದರೆ ತಿಳಿನೀರಿನ ಮೀನು ಬೆದರಿ ಓಡುತ್ತದೆ ಅಂತ. ಅಲ್ಯೂಮಿನಿಯಂ ರೀಲ್‌ಗಳಿಗೂ ಸೀಸದಂಥ ಕಪ್ಪು ಬೂದು ಬಣ್ಣ ಕೊಡುತ್ತಿದ್ದರು. ಇವತ್ತು ‘ಆ್ಯಂಟಿಕ್ ಫಿನಿಶ್’ ಅಂತ ಹೊಳೆಯುವ ರೀಲ್ ನೋಡಿದಾಗ ನೆನಪಿಡಿ, ಹುಟ್ಟಿದಾಗ ಅದು ಹಾಗಿರಲಿಲ್ಲ.

ಇಂಥ ರೀಲ್‌ಗಳು ಮುಂಬೈಗೆ ಬಂದದ್ದು ಹೇಗೆ? ಕಾಲಾಘೋಡದಲ್ಲಿ ಈಗಲೂ ಆರ್ಮಿ ಆ್ಯಂಡ್ ನೇವಿ ಬಿಲ್ಡಿಂಗ್ ಇದೆ. ಲಂಡನ್ನಿನ ಆರ್ಮಿ ಆ್ಯಂಡ್ ನೇವಿ ಕೋ-ಆಪರೇಟಿವ್ ಸೊಸೈಟಿ ಇಲ್ಲಿ ಮಳಿಗೆ ತೆರೆದದ್ದು 1891ರಲ್ಲಿ. ಬ್ರಿಟಿಷ್ ಅಧಿಕಾರಿಗಳಿಗೆ ಬೇಕಾದದ್ದೆಲ್ಲ ಆ ಸೊಸೈಟಿಯಲ್ಲಿ ಸಿಗುತ್ತಿತ್ತು. ಅದರ ಹೆಸರು ಹೊತ್ತ ರೀಲ್‌ಗಳೂ ಇವೆ. ಅದೇ ವರ್ಷ ಪೊವಾಯಿ ಕೆರೆ ಕಟ್ಟಿದರು. ಕುಡಿಯುವ ನೀರಿಗೆಂದು ಕಟ್ಟಿದ್ದು, ನೀರು ಕುಡಿಯಲು ಆಗದೆ ಕೊನೆಗೆ ಗಾಳ ಹಾಕುವವರ ಕೆರೆಯಾಯಿತು. ಅಧಿಕಾರಿಗಳಿಗೆ ನಿಜವಾದ ಆಸೆ ಮಾತ್ರ ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಮೇಲೆ. ಹೆನ್ರಿ ಸಲಿವನ್ ಥಾಮಸ್ ಎಂಬ ಮದ್ರಾಸಿನ ಅಧಿಕಾರಿ 1873ರಲ್ಲೇ ಭಾರತದ ಗಾಳದ ಬಗ್ಗೆ ಪುಸ್ತಕ ಬರೆದಿದ್ದರು. ಗಾಳಕ್ಕೆ ಬಿದ್ದ ಎಲ್ಲಕ್ಕಿಂತ ದೊಡ್ಡ ಮಹಶೀರ್ ಸಿಕ್ಕಿದ್ದು ನಮ್ಮ ಕಬಿನಿಯಲ್ಲಿ, 1946ರಲ್ಲಿ, ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರಿಗೆ. 120 ಪೌಂಡ್, ಅಂದರೆ 54 ಕಿಲೋಗೂ ಜಾಸ್ತಿ. ಅಷ್ಟು ತೂಕದ ಮೀನು ಓಡುವಾಗ ಗಾಲಿ ಬಿಸಿಯಾಗಬಾರದು, ಹಲ್ಲು ಮುರಿಯಬಾರದು, ಕಾಲು ಕಳಚಬಾರದು. ಇಲ್ಲಿಗೆ ಬಂದ ರೀಲ್‌ಗಳು ದೊಡ್ಡವು, ಗಟ್ಟಿಯವು ಆಗಿರುವುದಕ್ಕೆ ಇದೇ ಕಾರಣ.

ರೀಲ್ ಎಂಬ ವಸ್ತು ತುಂಬಾ ಹಳೆಯದು. ಸುಮಾರು 1195ರಲ್ಲಿ ಚೀನಾದ ಮಾ ಯುವಾನ್ ಬರೆದ ಚಿತ್ರವೊಂದರಲ್ಲಿ ದೋಣಿಯ ಮೇಲೆ ಕೂತವನ ಗಾಳದ ಕೋಲಿಗೆ ಪುಟ್ಟ ರಾಟೆ ಇದೆ. ಆದರೆ ನಾವು ಇಂದು ಕೂಡಿಡುವ ರೀಲ್‌ಗಳ ಕಥೆ ಬಹುಮಟ್ಟಿಗೆ ಗಡಿಯಾರದವರ ಕಥೆ. ಅಮೆರಿಕದ ಕೆಂಟಕಿಯಲ್ಲಿ 19ನೇ ಶತಮಾನದ ಆರಂಭದಲ್ಲಿ ಹಲ್ಲುಗಾಲಿ ಇಟ್ಟು ವೇಗವಾಗಿ ತಿರುಗುವ ರೀಲ್ ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರ ಮಾಡುವವರು. ಫ್ರಾನ್ಸಿನ ಮಿಚೆಲ್ ರೀಲ್ ಹುಟ್ಟಿದ ಕ್ಲೂಸ್ ಪಟ್ಟಣ ಗಡಿಯಾರಕ್ಕೇ ಹೆಸರಾದದ್ದು. ಸ್ವೀಡನ್ನಿನ ಆಬು ಕಂಪನಿಯಂತೂ 1921ರಲ್ಲಿ ಶುರುವಾದದ್ದೇ ಗಡಿಯಾರದ ಕಾರ್ಖಾನೆಯಾಗಿ. ಹೆಸರಿನ ಅರ್ಥವೂ ಅದೇ. ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ತತ್ವಾರವಾಗಿ ಟ್ಯಾಕ್ಸಿಗಳು ನಿಂತವು. ಮೀಟರ್ ಯಾರಿಗೆ ಬೇಕು? ಅದೇ ಯಂತ್ರಗಳಲ್ಲಿ, ಅದೇ ಕೈಗಳಿಂದ ರೀಲ್ ಬಂತು. ದಾದರಿನ ಮಾಮ ನನ್ನ ರೀಲ್ ಬಿಚ್ಚಿ ಒಳಗೆ ನೋಡಿ ‘ಇದು ನಮ್ಮ ಜಾತಿಯದೇ’ ಅಂದದ್ದು ಸುಮ್ನೆ ಅಲ್ಲ.

ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ಹಾರ್ಡಿ. ಉತ್ತರದ ಆನಿಕ್ ಎಂಬ ಊರಿನಲ್ಲಿ 1872ರಲ್ಲಿ ಬಂದೂಕಿನ ಅಂಗಡಿಯಾಗಿ ಶುರುವಾಯಿತು. ಅವರ ‘ಪರ್ಫೆಕ್ಟ್’ ರೀಲಿಗೆ 1888ರಲ್ಲಿ ಪೇಟೆಂಟ್ ಬಂತು. ಗಾಲಿ ಸಣ್ಣ ಉಕ್ಕಿನ ಗುಂಡುಗಳ ಮೇಲೆ ತಿರುಗುವುದು ಅದರ ವಿಶೇಷ. ಮೊದಲಿನವು ಪೂರ್ತಿ ಹಿತ್ತಾಳೆ, ಕೈಯಲ್ಲಿ ಹಿಡಿದರೆ ಕಲ್ಲಿನಂತೆ ಭಾರ. ಅಲ್ಯೂಮಿನಿಯಂ ಅಗ್ಗವಾಗಿ ಬೇರ್ಪಡಿಸುವ ವಿಧಾನ 1886ರಲ್ಲಿ ಸಿಕ್ಕಿತು. ಆಮೇಲೆ ನಿಧಾನವಾಗಿ ರೀಲ್‌ಗಳು ಹಗುರವಾದವು. ಹಾಗಾಗಿ ಲೋಹವೇ ಒಂದು ಪಂಚಾಂಗ.

ಇನ್ನು ಕಾಲ ಗುರುತಿಸುವ ವಿಷಯ. ನನಗೆ ಇದರಷ್ಟು ಖುಷಿ ಕೊಡುವ ಕೆಲಸ ಬೇರೆ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಲ್ಲರೂ ಮಾಡುವ ತಪ್ಪು ಪೇಟೆಂಟ್ ನಂಬರಿನದ್ದು. ರೀಲ್ ಮೇಲೆ 1888 ಅಂತಿದ್ದರೆ ಅದು 1888ರ ರೀಲ್ ಅಂತ ಮಾರುತ್ತಾರೆ. ಪೇಟೆಂಟ್ ಹೇಳುವುದು ಇಷ್ಟೇ: ಇದಕ್ಕಿಂತ ಹಿಂದಿನದಲ್ಲ. ಮುಂದೆ ಹತ್ತಾರು ವರ್ಷ ಅದೇ ಅಚ್ಚು ಹಾಕಿರಬಹುದು. ಬ್ರಿಟಿಷ್ ನಂಬರಿನಲ್ಲಿ ಇನ್ನೊಂದು ತೊಡಕಿದೆ. 1915ರವರೆಗೆ ಪ್ರತಿ ವರ್ಷವೂ ಎಣಿಕೆ ಒಂದರಿಂದ ಶುರುವಾಗುತ್ತಿತ್ತು. ಹಾಗಾಗಿ ವರ್ಷ ಇಲ್ಲದ ಸಣ್ಣ ನಂಬರಿನಿಂದ ಏನೂ ಗೊತ್ತಾಗುವುದಿಲ್ಲ. 1916ರಿಂದ ಒಂದು ಲಕ್ಷದ ಮೇಲಿನ ಒಂದೇ ಸರಣಿ. ಆರಂಕಿಯ ಪೇಟೆಂಟ್ ನಂಬರ್ ಕಂಡರೆ ಅದು 1916ರದ್ದು, ಇಲ್ಲವೇ ಆಮೇಲಿನದು.

ಅಂಗಡಿಯ ಹೆಸರು ಇದಕ್ಕಿಂತ ನಂಬಿಕಸ್ಥ. ನನ್ನ ರೀಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆರ್ಮಿ ಆ್ಯಂಡ್ ನೇವಿ ಸೊಸೈಟಿ 1934ರಲ್ಲಿ ಹೆಸರು ಬದಲಿಸಿ ‘ಸ್ಟೋರ್ಸ್ ಲಿಮಿಟೆಡ್’ ಆಯಿತು. ಹೆಸರಿನ ಮುಂದೆ ‘ಸಿ.ಎಸ್.ಎಲ್.’ ಅಂದರೆ ಕೋ-ಆಪರೇಟಿವ್ ಸೊಸೈಟಿ ಲಿಮಿಟೆಡ್ ಅಂತಿದ್ದರೆ ರೀಲ್ 1934ಕ್ಕಿಂತ ಹಿಂದಿನದು. ಮೂರೇ ಮೂರು ಅಕ್ಷರ. ನನ್ನ ರೀಲಿನಲ್ಲಿ ಹುಣಸೆಹಣ್ಣಿಗೆ ಹೋದದ್ದು ಆ ಮೂರು ಅಕ್ಷರಗಳ ಜಾಗವೇ.

ದೇಶದ ಹೆಸರನ್ನೂ ನೋಡಬೇಕು. ‘ಆಕ್ಯುಪೈಡ್ ಜಪಾನ್’ ಅಂತಿದ್ದರೆ ಯುದ್ಧ ಮುಗಿದ ಮೇಲಿನ ಏಳು ವರ್ಷದ ಮಾಲು, 1945ರಿಂದ 1952. ‘ವೆಸ್ಟ್ ಜರ್ಮನಿ’ ಅಂತಿದ್ದರೆ 1949ರಿಂದ 1990ರೊಳಗಿನದು. ಆಬು ರೀಲ್‌ಗಳಲ್ಲಿ 1970ರ ದಶಕದಿಂದ ಕಾಲಿನ ಮೇಲೆ ನಂಬರ್ ಒತ್ತುತ್ತಿದ್ದರು. ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು. 7807 ಅಂತ ಶುರುವಾದರೆ 1978ರ ಜುಲೈ. ಇಷ್ಟು ಸುಲಭದ್ದು ಬೇರೆ ಸಿಗುವುದು ಕಷ್ಟ.

ಹಿಡಿಯ ಗುಬುಟನ್ನು ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಆಸ್ಪತ್ರೆಯ ಫಿನಾಯಿಲ್‌ನಂಥ ವಾಸನೆ ಬಂದರೆ ಬೇಕ್‌ಲೈಟ್, ಅದು 1907ಕ್ಕಿಂತ ಹಿಂದೆ ಇರಲೇ ಇಲ್ಲ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಸೆಲ್ಯುಲಾಯ್ಡ್ ಭಗ್ ಅಂತ ಹತ್ತಿಕೊಳ್ಳುತ್ತದೆ.

ಎಲ್ಲಕ್ಕಿಂತ ಸರಳ ಸಾಕ್ಷಿ ಸ್ಕ್ರೂ. ನಕ್ಷತ್ರದ ತಲೆಯ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ‘ವಿಕ್ಟೋರಿಯಾ ಕಾಲದ್ದು ಸಾಬ್’ ಅಂತ ಕೊಡುವ ರೀಲಿನಲ್ಲಿ ಅಂಥ ಸ್ಕ್ರೂ ಇದ್ದರೆ ಎರಡೇ ಅರ್ಥ. ಯಾರೋ ಆಮೇಲೆ ಬದಲಿಸಿದ್ದಾರೆ, ಇಲ್ಲವೇ ಇಡೀ ರೀಲೇ ಮೊನ್ನೆ ಎರಕ ಹೊಯ್ದದ್ದು.

ಈ ಮೊನ್ನೆಯ ರೀಲ್‌ಗಳಿಗೂ ತಿಕ್ಕುವ ಚಟಕ್ಕೂ ಸಂಬಂಧವಿದೆ. ಮುಂಬೈನ ದಾರೂಖಾನಾದಲ್ಲಿ ಹಳೆ ಹಡಗು ಒಡೆಯುತ್ತಾರೆ. ಅಲ್ಲಿಂದ ಬಂದ ಹಿತ್ತಾಳೆಯ ಲಾಟೀನು, ಗಂಟೆ, ಕಿಟಕಿ ಚೌಕಟ್ಟುಗಳನ್ನು ಬೆಳಗಿ, ಮನೆ ಅಲಂಕಾರಕ್ಕೆ ಮಾರುವ ವ್ಯಾಪಾರ ಬೆಳೆಯಿತು. ಗಿರಾಕಿಗೆ ಹೊಳಪು ಬೇಕು. ಹಳೆಯದು ಸಾಲದಾದಾಗ ಹೊಸದನ್ನೇ ಹಳೆ ಮಾದರಿಯಲ್ಲಿ ಮಾಡತೊಡಗಿದರು. ಅದೇ ಸಾಲಿನಲ್ಲಿ ಕೂತ ನಿಜವಾದ ಹಳೆ ರೀಲ್ ಮಂಕಾಗಿದ್ದರೆ ಯಾರು ಕೊಳ್ಳುತ್ತಾರೆ? ಅದನ್ನೂ ತಿಕ್ಕಿದರು. ಈಗ ಎರಡೂ ಒಂದೇ ಥರ ಕಾಣುತ್ತವೆ. ಮಾರುವವರನ್ನು ನಾನು ಬೈಯುವುದಿಲ್ಲ. ಕೇಳುವ ನಾವು ಹೊಳಪನ್ನೇ ಕೇಳುತ್ತಿದ್ದೇವಲ್ಲ.

ಹಾಗಾದರೆ ಏನೂ ಮಾಡಬಾರದೇ? ಮಾಡಬೇಕು. ಉಪ್ಪುನೀರು ಕುಡಿದ ರೀಲನ್ನು ಹಾಗೇ ಬಿಟ್ಟರೆ ಸತ್ತೇ ಹೋಗುತ್ತದೆ. ಅಲ್ಯೂಮಿನಿಯಂಗೆ ಹಿತ್ತಾಳೆ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ. ಹಿತ್ತಾಳೆ ಕಾಲಿನ ಸುತ್ತ ಆ ಪುಡಿ ಕಂಡರೆ ತಡಮಾಡಬಾರದು. ನೈಲಾನ್ ದಾರ ಸುತ್ತಿದ್ದರೆ ಮೊದಲು ಅದನ್ನು ಬಿಚ್ಚಿ. ದೊಡ್ಡ ಮೀನು ಎಳೆದಾಗ ಹಿಗ್ಗಿದ ನೈಲಾನ್ ಗಾಲಿಯ ಮೇಲೆ ಕೂತು ಕುಗ್ಗುತ್ತದೆ. ನೂರಾರು ಸುತ್ತಿನ ಬಿಗಿತ ಸೇರಿ ಗಾಲಿಯ ಅಂಚನ್ನೇ ಬಗ್ಗಿಸುತ್ತದೆ. ರೇಷ್ಮೆ ದಾರದ ಕಾಲದ ಗಾಲಿಗಳು ಈ ಹಿಂಡುವಿಕೆಗೆಂದು ಮಾಡಿದವಲ್ಲ.

ಬಿಚ್ಚುವಾಗ ಅವಸರ ಬೇಡ. ಹಳೆ ಸ್ಕ್ರೂಗಳ ಗೀರು ತೆಳು. ಅದಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಮುಟ್ಟಲೇಬೇಡಿ. ಮಾಮ ಒಂದು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡುತ್ತಾರೆ, ಆಮೇಲೆ ಸ್ವಲ್ಪ ಬಿಸಿ ತಾಗಿಸುತ್ತಾರೆ. ಕಳೆದುಹೋದ ಸ್ಕ್ರೂ ಹುಡುಕಿ ನಾಗ್ದೇವಿ ಸ್ಟ್ರೀಟ್ ಪೂರ್ತಿ ತಿರುಗಿದ್ದೇನೆ. ಹಳೆ ಇಂಗ್ಲಿಷ್ ಥ್ರೆಡ್ಡಿಗೆ ಇಂದಿನ ಮೆಟ್ರಿಕ್ ಸ್ಕ್ರೂ ಕೂರುವುದಿಲ್ಲ. ಒತ್ತಿ ತಿರುಗಿಸಿದರೆ ತೂತೇ ಹಾಳು. ಗಟ್ಟಿಯಾದ ಹಳೆ ಗ್ರೀಸನ್ನು ಸೀಮೆಎಣ್ಣೆ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬಹುದು. ಕಿಲುಬು ಇದ್ದ ಕಡೆ ಮಾತ್ರ ಮರದ ಕಡ್ಡಿಯಿಂದ ಕೆರೆಯಬೇಕು. ಕೊನೆಗೆ ತೆಳುವಾಗಿ ಮೇಣ. ಮುಂಬೈ ಮಳೆಗಾಲದಲ್ಲಿ ಚರ್ಮದ ಡಬ್ಬಿಯೊಳಗೆ ಇಡಬೇಡಿ. ಚರ್ಮ ತೇವ ಹೀರಿ ಹಿತ್ತಾಳೆಯನ್ನು ಹಸಿರು ಮಾಡುತ್ತದೆ.

ಕಾನೂನಿನ ಮಾತೂ ಇದೆ. ಕೆಲವು ಹಳೆ ರೀಲ್‌ಗಳ ಹಿಡಿ ಆನೆದಂತದ್ದು. ದಂತದ ವ್ಯಾಪಾರ ನಮ್ಮಲ್ಲಿ ನಿಷೇಧ, ರೀಲಿನಲ್ಲಿದ್ದರೂ ಅಷ್ಟೇ. ಇನ್ನು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲಕಲೆಯ ವಸ್ತು ಪ್ರಾಚ್ಯವಸ್ತು ಆಗಬಹುದು, ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಲಂಡನ್ನಿನಲ್ಲಿ ಒಳ್ಳೆ ಬೆಲೆ ಇದೆ ಅಂತ ಪಾರ್ಸಲ್ ಕಟ್ಟುವ ಮೊದಲು ವಿಚಾರಿಸಿಕೊಳ್ಳಬೇಕು. ಕಾಲ ಗುರುತಿಸುವುದು ಬರೀ ಹವ್ಯಾಸದ ಮಾತಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ನನ್ನ ರೀಲಿನ ಒಳಗಿನ ಸ್ಪ್ರಿಂಗ್ ಮುರಿದಿತ್ತು. ಗಾಲಿಯ ಹಲ್ಲಿಗೆ ತಾಗುವ ಪುಟ್ಟ ನಾಲಿಗೆಯನ್ನು ಒತ್ತಿ ಹಿಡಿಯುವುದು ಅದೇ. ರೀಲ್ ‘ಕರ್ರ್’ ಅನ್ನುವುದು ಆ ನಾಲಿಗೆಯಿಂದ. ಅದಿಲ್ಲದಿದ್ದರೆ ಗಾಲಿ ಅಂಕೆಯಿಲ್ಲದೆ ತಿರುಗಿ ದಾರ ಗೋಜಲಾಗುತ್ತದೆ. ಮಾಮ ಹಳೆ ಗೋಡೆ ಗಡಿಯಾರದ ಸ್ಪ್ರಿಂಗಿನಿಂದ ಒಂದು ತುಂಡು ಕತ್ತರಿಸಿದರು. ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಬಗ್ಗಿಸಿದರು. ಮತ್ತೆ ಕಾಯಿಸಿ ಎಣ್ಣೆಗೆ ಅದ್ದಿದರು. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿ, ಹಿತ್ತಾಳೆ ತಗಡಿನ ಮೇಲಿಟ್ಟು ಕೆಳಗೆ ಸ್ಪಿರಿಟ್ ದೀಪ ಹಿಡಿದರು. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ಬಂತು, ಆಮೇಲೆ ಕಂದು, ನೇರಳೆ. ನೀಲಿ ಬಂದ ಕ್ಷಣ ತಟ್ಟನೆ ತೆಗೆದರು. ಸುಮಾರು 300 ಡಿಗ್ರಿ. ನೀಲಿ ದಾಟಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ, ಅದಕ್ಕೆ ಮೊದಲೇ ತೆಗೆದರೆ ಮುರಿಯುತ್ತದೆ ಅಂದರು.

ಕೂರಿಸಿ ಹಿಡಿ ತಿರುಗಿಸಿದರು. ಅಂಗಡಿಯ ಅಷ್ಟೂ ಗಡಿಯಾರಗಳ ಸದ್ದಿನ ನಡುವೆ ಅದರದ್ದೇ ಕೇಳಿಸಿತು.

‘ಮುರಿದದ್ದನ್ನ ಬಿಸಾಡಬೇಡ’ ಅಂತ ಹಳೆ ಸ್ಪ್ರಿಂಗಿನ ಎರಡು ತುಂಡನ್ನು ಬೆಂಕಿಪೊಟ್ಟಣದೊಳಗೆ ಹಾಕಿ ಕೊಟ್ಟರು. ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಕು, ‘ಸ್ಪ್ರಿಂಗ್ ಹೊಸದು’ ಅಂತ ಬರೆದಿದ್ದರು. ಅದರ ಕೆಳಗೆ ನಾನು ಇನ್ನೊಂದು ಸಾಲು ಸೇರಿಸಿದೆ: ‘ಬಣ್ಣ ಹೋಗಿದೆ, ಅಕ್ಷರ ಅರ್ಧ ಮಾಸಿದೆ, ಮನೆಯಲ್ಲಿ ತಿಕ್ಕಿದ್ದು.’