ಡ್ರೋನ್ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಓಪನ್ ಆಗ್ತಿಲ್ಲ, ರೀನೇಮ್ ಮಾಡಿದ್ರೆ ಸರಿಹೋಗುತ್ತಾ?

ಪ್ರಶ್ನೆ: ಡ್ರೋನಲ್ಲಿ ತೆಗೆದ ವಿಡಿಯೋ ವಿಎಲ್‌ಸಿಯಲ್ಲಿ ಚೆನ್ನಾಗಿ ಪ್ಲೇ ಆಗುತ್ತೆ, ಎಡಿಟಿಂಗ್‌ಗೆ ಇಂಪೋರ್ಟ್ ಮಾಡಿದ್ರೆ ಮಾತ್ರ ಎರರ್ ಬರುತ್ತೆ. ಫೈಲ್ ಹೆಸರಿನ ಕೊನೇಲಿರೋ ಎಂಒವಿ ತೆಗ್ದು ಎಂಪಿ4 ಅಂತ ಮಾಡಿದ್ರೆ ಆಗುತ್ತಂತೆ, ನಿಜಾನಾ?

ಆಗಲ್ಲ. ಇದನ್ನ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಆದ್ರೂ ಮತ್ತೆ ಅದೇ ಪ್ರಶ್ನೆ ಬರುತ್ತೆ, ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಹೇಳ್ತೀನಿ.

ಎಂಪಿ4, ಎಂಒವಿ ಇವೆರಡೂ ಬರೀ ಡಬ್ಬಿ. ಒಳಗೆ ಚಿತ್ರ ಯಾವ ರೀತಿ ಒತ್ತಿ ತುಂಬಿದೆ ಅನ್ನೋದು ಕೋಡೆಕ್, ನಿಮ್ಮ ಸಾಫ್ಟ್‌ವೇರ್ ಒದ್ದಾಡ್ತಿರೋದು ಅದರ ಜೊತೆ. ಇವತ್ತಿನ ಡ್ರೋನ್‌ಗಳು ಹೆಚ್ಚಾಗಿ ಎಚ್.265 ಅಂದ್ರೆ ಎಚ್‌ಇವಿಸಿ ಬಳಸ್ತವೆ, ಅದೂ ಎಷ್ಟೋ ಸಲ 10 ಬಿಟ್, ಅಂದ್ರೆ ಬಣ್ಣದ ಮೆಟ್ಟಿಲುಗಳು ಜಾಸ್ತಿ ಇರೋದು. ಹೆಸರು ಬದಲಾಯಿಸಿದ್ರೆ ಒಳಗಿನ ಒಂದು ಬೈಟೂ ಬದಲಾಗಲ್ಲ. ನನ್ನ ಮಾತು ನಂಬೋದೇ ಬೇಡ, ನೀವೇ ನೋಡಿ: 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ತೆಗೆದ 5 ನಿಮಿಷದ ವಿಡಿಯೋ ಸುಮಾರು 3.75 ಜಿಬಿ ಇರುತ್ತೆ, ನಿಜವಾಗ್ಲೂ ಕನ್ವರ್ಟ್ ಮಾಡೋಕೆ ಹೋದ್ರೆ ಕಂಪ್ಯೂಟರ್ ಫ್ಯಾನ್ ಜೋರಾಗಿ ತಿರುಗೋಕೆ ಶುರುವಾಗಿ ನಿಮಿಷಗಟ್ಟಲೆ ಕೂರಬೇಕು, ರೀನೇಮ್ ಆದ್ರೆ ಕಣ್ಮುಚ್ಚಿ ತೆಗೆಯೋದ್ರೊಳಗೆ ಮುಗಿಯುತ್ತೆ, ಸೈಜೂ ಅಷ್ಟೇ ಇರುತ್ತೆ. ಹಾಗಾದ್ರೆ ಕೆಲಸ ಎಲ್ಲಿ ನಡೀತು ಹೇಳಿ? ಮೀಡಿಯಾಇನ್ಫೋ ಅನ್ನೋ ಉಚಿತ ಟೂಲಲ್ಲಿ ರೀನೇಮ್‌ಗೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ತೆರೆದು ನೋಡಿ, ಎರಡೂ ಸಲ ಎಚ್‌ಇವಿಸಿ ಅಂತಾನೇ ತೋರಿಸುತ್ತೆ.

"ನನ್ನ ಫ್ರೆಂಡ್‌ಗೆ ಆಯ್ತಲ್ಲ" ಅಂತೀರಾ, ಆಗಿರಬಹುದು. ಡಿಜೆಐ ಡ್ರೋನ್‌ಗಳು ಮೇನ್ ವಿಡಿಯೋ ಪಕ್ಕದಲ್ಲೇ ಎಲ್‌ಆರ್‌ಎಫ್ ಅಂತ ಇನ್ನೊಂದು ಚಿಕ್ಕ ಫೈಲ್ ಇಡ್ತವೆ, ಅದು ಕಡಿಮೆ ರೆಸಲ್ಯೂಶನ್‌ನ ಪ್ರಿವ್ಯೂ, ಒಳಗೆ ಮೊದಲಿಂದ್ಲೂ ಎಂಪಿ4 ಆಗೇ ಇರುತ್ತೆ. ಅದಕ್ಕೆ ಎಂಪಿ4 ಅಂತ ಹೆಸರಿಟ್ರೆ ಓಪನ್ ಆಗೇ ಆಗುತ್ತೆ. ರೀನೇಮ್ ಮಾಡಿದ್ರೆ ಸಾಕು ಅನ್ನೋ ಮಾತು ಇಷ್ಟು ಗಟ್ಟಿಯಾಗಿ ಉಳ್ಕೊಳ್ಳೋಕೆ ಇದೂ ಒಂದು ಕಾರಣ ಅಂತ ನನಗನ್ಸುತ್ತೆ.

ವಿಎಲ್‌ಸಿಯಲ್ಲಿ ಓಡೋದು ಯಾಕಂದ್ರೆ ಅದು ಒತ್ತಿ ತುಂಬಿದ ಚಿತ್ರ ಬಿಡಿಸೋ ಡಿಕೋಡರ್‌ಗಳನ್ನ ತಾನೇ ಹೊತ್ಕೊಂಡು ಬರುತ್ತೆ. ನಿಮ್ಮ ಎಡಿಟರ್ ವಿಂಡೋಸ್‌ನ ಡಿಕೋಡರನ್ನ ನಂಬ್ಕೊಂಡಿದ್ರೆ ಮೈಕ್ರೋಸಾಫ್ಟ್ ಸ್ಟೋರಿಂದ ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಶನ್ಸ್ ಹಾಕ್ಕೊಳ್ಳಿ. ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟರ್‌ನ ಉಚಿತ ಆವೃತ್ತಿ ಬಳಸೋರಿಗೆ ಹಳೇ ಕೋಡೆಕ್ ಎಚ್.264 ಕೂಡ ಸಿಗಲ್ಲ, ಅವರು ಕನ್ವರ್ಟ್ ಮಾಡ್ಲೇಬೇಕು. ಶಟರ್ ಎನ್‌ಕೋಡರ್ ಇಲ್ಲಾ ಎಫ್‌ಎಫ್‌ಎಂಪೆಗ್ ಅನ್ನೋ ಕನ್ವರ್ಟ್ ಟೂಲಲ್ಲಿ ಎಡಿಟಿಂಗ್‌ಗೆ ಅಂತಾನೇ ಇರೋ ಕೋಡೆಕ್‌ಗಳಾದ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್ ಅಥವಾ ಪ್ರೋರೆಸ್ 422 ಮಾಡಿ, 10 ಬಿಟ್ ಹಾಗೇ ಉಳಿಯುತ್ತೆ, ಆದ್ರೆ ಫೈಲ್ ಹಲವು ಪಟ್ಟು ದೊಡ್ಡದಾಗುತ್ತೆ, ಡಿಸ್ಕಲ್ಲಿ ಜಾಗ ನೋಡ್ಕೊಂಡು ಶುರು ಮಾಡಿ.

ವಿಎಲ್‌ಸಿಯಲ್ಲೂ ಓಡ್ತಿಲ್ಲ ಅಂದ್ರೆ ಕಥೆನೇ ಬೇರೆ. ಮೊದಲು ಕಾರ್ಡಲ್ಲಿರೋ ಫೈಲ್ ಸೈಜೂ ಕಾಪಿ ಆದ ಫೈಲ್ ಸೈಜೂ ಒಂದೇನಾ ನೋಡಿ. ಒಂದೇ ಇದ್ರೆ, ರೆಕಾರ್ಡಿಂಗ್ ನಿಲ್ಲಿಸೋಕೆ ಮುಂಚೆ ಬ್ಯಾಟರಿ ತೆಗೆದ್ರಾ, ಡ್ರೋನ್ ಬಿತ್ತಾ, ನೆನಪು ಮಾಡ್ಕೊಳ್ಳಿ. ಯಾವ ಫ್ರೇಮ್ ಎಲ್ಲಿದೆ ಅನ್ನೋ ಸೂಚಿ, ಮೂವ್ ಆಟಮ್ ಅಂತಾರೆ, ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದಾಗ ಬರೆಯೋದು. ಅದಿಲ್ಲದಿದ್ರೆ ಚಿತ್ರ ಎಲ್ಲಾ ಇದ್ರೂ ಯಾವ ಪ್ಲೇಯರ್‌ಗೂ ದಾರಿ ಗೊತ್ತಾಗಲ್ಲ. ಕಾರ್ಡ್ ಫಾರ್ಮ್ಯಾಟ್ ಮಾಡ್ಬೇಡಿ ದಯವಿಟ್ಟು. ಅದರ ಒಂದು ಕಾಪಿ ತೆಗೆದಿಟ್ಟು, ಕಾರ್ಡನ್ನ ಅದೇ ಡ್ರೋನಿಗೆ ಹಾಕಿ ಆನ್ ಮಾಡಿ, ಕೆಲವು ಮಾಡೆಲ್‌ಗಳು ತಾವೇ ರಿಪೇರಿ ಮಾಡ್ತವೆ. ಆಗ್ಲಿಲ್ಲ ಅಂದ್ರೆ ಅನ್‌ಟ್ರಂಕ್ ಅನ್ನೋ ರಿಪೇರಿ ಟೂಲ್ ಇದೆ, ಅದಕ್ಕೆ ಅದೇ ಡ್ರೋನಲ್ಲಿ ಅದೇ ಸೆಟ್ಟಿಂಗಲ್ಲಿ ತೆಗೆದ ಒಂದು ಸರಿಯಾದ ವಿಡಿಯೋ ಮಾದರಿಗೆ ಬೇಕು.

ಇಷ್ಟು ಕಷ್ಟ ಯಾಕೆ, ಎಚ್.264ನಲ್ಲೇ ಶೂಟ್ ಮಾಡ್ಬೋದಲ್ಲ ಅಂತ ಯಾರೂ ಕೇಳಿಲ್ಲ, ಆದ್ರೆ ಕೇಳ್ಬೇಕಾದ ಪ್ರಶ್ನೆ ಅದು. ಮಾಡ್ಬೋದು, ಆದ್ರೆ ಹಲವು ಡ್ರೋನ್‌ಗಳಲ್ಲಿ 10 ಬಿಟ್ ಲಾಗ್ (ಆಮೇಲೆ ಬಣ್ಣ ತಿದ್ದೋಕೆ ಅಂತ ಸಪ್ಪೆಯಾಗಿ ತೆಗೆಯೋ ವಿಡಿಯೋ) ಬೇಕಂದ್ರೆ ಎಚ್.265 ಒಂದೇ ದಾರಿ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಸಂಜೆ ಆಕಾಶ ತೆಗೆದು ಸ್ವಲ್ಪ ಗ್ರೇಡ್ ಮಾಡಿ, ಅಂದ್ರೆ ಬಣ್ಣ ತಿದ್ದಿ ನೋಡಿ, 8 ಬಿಟ್‌ದು ಪಟ್ಟೆ ಪಟ್ಟೆಯಾಗಿ ಒಡೆಯುತ್ತೆ. ಡ್ರೋನ್ ಶಾಟಲ್ಲಿ ಅರ್ಧ ಫ್ರೇಮ್ ಆಕಾಶಾನೇ ಇರುತ್ತಲ್ವಾ, ಅದಕ್ಕೇ ನಾನು ಎಚ್.265ನಲ್ಲೇ ತೆಗೆದು, ಕಾರ್ಡ್ ಕಾಪಿ ಆದ ತಕ್ಷಣ ಕನ್ವರ್ಟ್‌ಗೆ ಹಾಕಿ ಬೇರೆ ಕೆಲಸ ನೋಡ್ಕೋತೀನಿ.