ಉತ್ತರ ಕಿರೀಟದ ‘ಹೊಸ ನಕ್ಷತ್ರ’: 80 ವರ್ಷದ ಲೆಕ್ಕ ಬಂದಿದ್ದೆಲ್ಲಿಂದ?

2024ರಲ್ಲಿ ‘ಸೆಪ್ಟೆಂಬರ್ ಒಳಗೆ ಆಕಾಶದಲ್ಲಿ ಹೊಸ ನಕ್ಷತ್ರ ಕಾಣುತ್ತೆ’ ಅಂತ ಸುದ್ದಿ ಎಲ್ಲಾ ಕಡೆ ಓಡಾಡ್ತು, ಸೆಪ್ಟೆಂಬರ್ ಹೋಯ್ತು, ವರ್ಷಾನೂ ಮುಗೀತು, ನಕ್ಷತ್ರ ಮಾತ್ರ ಬರಲಿಲ್ಲ. ಅದಕ್ಕೆ ವಿಜ್ಞಾನಿಗಳನ್ನ ಬೈಯೋದು ನ್ಯಾಯ ಅಲ್ಲ, ಯಾಕಂದ್ರೆ ಸುಮಾರು 80 ವರ್ಷಕ್ಕೊಮ್ಮೆ ಸಿಡಿಯುತ್ತೆ ಅನ್ನೋ ಆ ಲೆಕ್ಕ ಮುಖ್ಯವಾಗಿ ನಿಂತಿರೋದೇ ಎರಡು ಸಲದ ಗಟ್ಟಿ ದಾಖಲೆ ಮೇಲೆ.

ಆ ನಕ್ಷತ್ರದ ಹೆಸರು ಟಿ ಕೊರೊನೆ ಬೊರಿಯಾಲಿಸ್, ಇರೋದು ಉತ್ತರ ಕಿರೀಟ ಅನ್ನೋ ನಕ್ಷತ್ರಪುಂಜದಲ್ಲಿ, ದೂರ ಸುಮಾರು 3000 ಜ್ಯೋತಿರ್ವರ್ಷ. ಅಲ್ಲಿರೋದು ಜೋಡಿ: ಊದಿಕೊಂಡಿರೋ ಒಂದು ಕೆಂಪು ದೈತ್ಯ ನಕ್ಷತ್ರ, ಗಾತ್ರದಲ್ಲಿ ಭೂಮಿಯಷ್ಟಿದ್ರೂ ತೂಕದಲ್ಲಿ ಸೂರ್ಯನನ್ನೇ ಮೀರಿಸೋ ಒಂದು ಶ್ವೇತಕುಬ್ಜ, ಅಂದ್ರೆ ಉರಿದು ಮುಗಿದ ನಕ್ಷತ್ರದ ತಿರುಳು. ದೈತ್ಯನ ಹೈಡ್ರೋಜನ್ ಕುಬ್ಜದ ಮೇಲೆ ಬೀಳ್ತಾ ಬೀಳ್ತಾ ಪದರ ಕಟ್ಟುತ್ತೆ, ಒತ್ತಡ ಬಿಸಿ ಎರಡೂ ಮಿತಿಮೀರಿದಾಗ ಆ ಪದರ ಹೈಡ್ರೋಜನ್ ಬಾಂಬ್ ಥರ ಸಿಡಿಯುತ್ತೆ. ನಕ್ಷತ್ರ ಹಾಗೇ ಉಳಿಯುತ್ತೆ, ಪದರ ಮತ್ತೆ ಕಟ್ಟೋಕೆ ಶುರು.

1866 ಮೇ 12ರ ರಾತ್ರಿ ಇದನ್ನ ಕಂಡಿದ್ದು ಐರ್ಲೆಂಡಿನ ಟ್ಯೂಮ್ ಊರಿನ ಜಾನ್ ಬರ್ಮಿಂಗ್‌ಹ್ಯಾಮ್. ಕೆಲವೇ ದಿನದಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸ್ ಅದರ ಬೆಳಕನ್ನ ಸ್ಪೆಕ್ಟ್ರೋಸ್ಕೋಪಲ್ಲಿ ಬಣ್ಣಬಣ್ಣವಾಗಿ ಒಡೆದು ನೋಡಿದಾಗ ಹೊಳೆಯೋ ಹೈಡ್ರೋಜನ್ ಗೆರೆ ಸಿಕ್ಕವು, ಅಂದ್ರೆ ಅಲ್ಲಿ ಬಿಸಿ ಹೈಡ್ರೋಜನ್ ಇತ್ತು. ಆಮೇಲೆ 1946 ಫೆಬ್ರವರಿ. ಅಮೆರಿಕದ ಲೆಸ್ಲಿ ಪೆಲ್ಟಿಯರ್ ಇದೇ ನಕ್ಷತ್ರದ ಮೇಲೆ 25 ವರ್ಷ ಕಣ್ಣಿಟ್ಟಿದ್ರು, ಆ ಬೆಳಗಿನ ಜಾವ ಎದ್ದೋರು ನೆಗಡಿ ಶುರುವಾಗ್ತಿದೆ ಅನ್ನಿಸಿ ಮತ್ತೆ ಮಲಗಿಬಿಟ್ರು, ಸಿಡಿದಿದ್ದು ಅವತ್ತೇ! ನನಗಂತೂ ಇದನ್ನ ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ.

1217 ಮತ್ತು 1787ರ ಬರಹಗಳಲ್ಲೂ ಇದೇ ಕಾಣಿಸಿದೆ ಅಂತ ಅಮೆರಿಕದ ಖಗೋಳತಜ್ಞ ಬ್ರಾಡ್ಲಿ ಶೇಫರ್ ವಾದ. 1946ಕ್ಕೆ 80 ಕೂಡಿದ್ರೆ 2026 ಬರುತ್ತೆ, ಆದ್ರೆ 1946ಕ್ಕೆ ಮುಂಚೆ ನಕ್ಷತ್ರದ ಬೆಳಕು ಕುಗ್ಗಿತ್ತು, 2023ರಲ್ಲೂ ಕುಗ್ಗಿತು, ಅದಕ್ಕೇ 2024 ಅಂದಿದ್ದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಈ ಜೋಡಿಯನ್ನ ಮುಂಚಿನಿಂದಲೂ ಅಧ್ಯಯನ ಮಾಡ್ತಾ ಬಂದಿದಾರೆ.

ನಮ್ಮೂರಲ್ಲಿ ಮೇ-ಜೂನ್ ರಾತ್ರಿ ಉತ್ತರ ಕಿರೀಟ ಚೆನ್ನಾಗಿ ಮೇಲೆ ಬರುತ್ತೆ. ಸಪ್ತರ್ಷಿ ಮಂಡಲದ ಬಾಲ ಹಿಡಿದು ಹಾಗೇ ಬಾಗಿ ಹೋದ್ರೆ ಸ್ವಾತಿ, ಅದರ ಪೂರ್ವಕ್ಕೆ ಒಡೆದ ಬಳೆ ಥರದ ಅರ್ಧವೃತ್ತ. ಈಗಲೇ ಗುರುತು ಮಾಡ್ಕೊಳ್ಳಿ. ಸಿಡಿದ್ರೆ ಧ್ರುವ ನಕ್ಷತ್ರದಷ್ಟು ಹೊಳೆಯುತ್ತೆ ಅಷ್ಟೇ, ಅಲ್ಲಿ ಮೊದಲು ಏನಿತ್ತು ಅಂತ ಗೊತ್ತಿಲ್ದೋರಿಗೆ ವ್ಯತ್ಯಾಸಾನೇ ತಿಳಿಯಲ್ಲ, ಬರಿಗಣ್ಣಿಗೆ ಸಿಗೋದೂ ಸುಮಾರು ಒಂದು ವಾರ ಮಾತ್ರ.